671121: ಕಾಸರಗೋಡಿನ ಪಿನ್ ಕೋಡನ್ನು ಬಿಡಿಸಿ ನೋಡಿದರೆ

ಕಾಸರಗೋಡು ಪೇಟೆಯ ಪಿನ್ ಕೋಡ್ 671121. ಬ್ಯಾಂಕಿನ ಫಾರಂ, ಕೊರಿಯರ್ ಚೀಟಿ, ಆನ್‌ಲೈನ್ ಆರ್ಡರ್, ಎಲ್ಲ ಕಡೆ ಇದನ್ನು ಬರೆದು ಬರೆದು ನಮಗೆ ಕೈಗೆ ಅಭ್ಯಾಸವಾಗಿದೆ. ಆದರೆ ಇದನ್ನೊಂದು ಸಂಖ್ಯೆ ಅಂತ ಯಾರೂ ನೋಡುವುದಿಲ್ಲ. ಆರು ಲಕ್ಷದ ಎಪ್ಪತ್ತೊಂದು ಸಾವಿರದ ನೂರ ಇಪ್ಪತ್ತೊಂದು. ಹೀಗೆ ಓದಿ ನೋಡಿ, ಕೂಡಲೇ ಭಾಗಿಸಬೇಕು, ವರ್ಗಮೂಲ ತೆಗೆಯಬೇಕು ಅನಿಸುತ್ತದೆ. ಈ ಲೇಖನದಲ್ಲಿ ಅದನ್ನೇ ಮಾಡುತ್ತೇನೆ. ಹೈಸ್ಕೂಲ್ ಗಣಿತ ಸಾಕು, ಒಂದೆರಡು ಕಡೆ ಮಾತ್ರ ಸ್ವಲ್ಪ ಮುಂದೆ ಹೋಗಬೇಕಾಗುತ್ತದೆ. ಗಣಿತಕ್ಕೆ ಅಂತ ಯಾರೂ ಆರಿಸದ ಇಂಥ ಸಂಖ್ಯೆಯ ಬಗ್ಗೆಯೂ, ಕೈಲೆಕ್ಕಕ್ಕೆ ಎಟುಕದಷ್ಟು ದೂರದ ಸಂಗತಿಗಳನ್ನು ಖಚಿತವಾಗಿ ಹೇಳಲು ಬರುತ್ತದೆ. ಅದರ ಅಪವರ್ತನಗಳು ಗೊತ್ತಿದ್ದರೆ ಆಯಿತು.

ಮೊದಲು ಈ ಸಂಖ್ಯೆ ಬಂದದ್ದು ಎಲ್ಲಿಂದ ಅಂತ ಎರಡು ಮಾತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್ ಎಂಬ ಅಧಿಕಾರಿ, ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಹಲವು ಊರುಗಳು, ಬೇರೆ ಬೇರೆ ಭಾಷೆಯಲ್ಲಿ ಬರೆದ ವಿಳಾಸಗಳು, ಇದರಿಂದ ಅಂಚೆಯವರಿಗೆ ಆಗುತ್ತಿದ್ದ ಗೊಂದಲ ತಪ್ಪಿಸಲು ಇದು ಹುಟ್ಟಿತು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ವಿಳಾಸ ಬರೆಯುವ ನಮ್ಮ ಊರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಅಂಕೆ ವಲಯದ್ದು. ತಲಪಾಡಿ ಗಡಿಯ ಆಚೆ ಮಂಗಳೂರು 575001, ಅಲ್ಲಿ 5. ಈಚೆ ಬಂದ ಕೂಡಲೇ 6. ಮೊದಲ ಮೂರು ಅಂಕೆ ಸೇರಿದರೆ 671, ಅದು ನಮ್ಮ ಭಾಗದ ಗುರುತು. ಕೊನೆಯ ಮೂರು ಅಂಕೆ ಅಂಚೆ ಕಚೇರಿಯದ್ದು.

ಈ ಮೂರು-ಮೂರರ ಗುಂಪು ಗಣಿತಕ್ಕೂ ಬಹಳ ಅನುಕೂಲ. ಯಾಕೆಂದರೆ 7, 11, 13 ಈ ಮೂರನ್ನು ಗುಣಿಸಿದರೆ 1001 ಬರುತ್ತದೆ. 671121 ಅಂದರೆ 671 ಸಾವಿರ ಮತ್ತು 121. ಸಾವಿರದ ಬದಲು 1001 ಅಂತ ಇಟ್ಟುಕೊಂಡರೆ 671 ಜಾಸ್ತಿ ಆಗುತ್ತದೆ, ಅದನ್ನು ಕಳೆಯಬೇಕು. ಹಾಗಾಗಿ 7, 11, 13ರಿಂದ ಭಾಗ ಹೋಗುತ್ತದೋ ಅಂತ ನೋಡಲು ಇಡೀ ಸಂಖ್ಯೆ ಬೇಕಾಗಿಲ್ಲ, 671 ಮತ್ತು 121ರ ವ್ಯತ್ಯಾಸ ಸಾಕು. ಅದು 550. ಇದು 11ರಿಂದ ಭಾಗ ಹೋಗುತ್ತದೆ, 7ರಿಂದಲೂ 13ರಿಂದಲೂ ಹೋಗುವುದಿಲ್ಲ. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯಿತು. ಕುಂಬಳೆ 671321, ಅಲ್ಲಿ 671ರಿಂದ 321 ಕಳೆದರೆ 350, ಅದು 7ರಿಂದ ಭಾಗ ಹೋಗುತ್ತದೆ. ಮಂಗಳೂರಿಗೆ 575ರಿಂದ 1 ಕಳೆದರೆ 574, ಅದೂ 7ರಿಂದ ಹೋಗುತ್ತದೆ. ಮಂಜೇಶ್ವರ 671323, ಕಾಞಂಗಾಡ್ 671315, ಇವೆರಡೂ ಮೂರರಲ್ಲಿ ಯಾವುದಕ್ಕೂ ಸಿಗುವುದಿಲ್ಲ. ನಿಮ್ಮ ಊರಿನದ್ದನ್ನು ಮನಸ್ಸಿನಲ್ಲೇ ಮಾಡಿ ನೋಡಬಹುದು.

ಕಾಸರಗೋಡಿನ 11 ಮಾತ್ರ ಇನ್ನೂ ಸಲೀಸಾಗಿ ಕಣ್ಣಿಗೆ ಬೀಳುತ್ತದೆ. 671 ಅಂದರೆ 11 × 61. 121 ಅಂದರೆ 11 × 11. ಎರಡೂ ತುಂಡು 11ರ ಮಗ್ಗಿಯಲ್ಲೇ ಇವೆ, ಹಾಗಾಗಿ ಇಡೀ ಸಂಖ್ಯೆ 11 × 61011. ಇನ್ನು ಅಂಕೆಗಳನ್ನು ಕೂಡಿಸಿ: 6+7+1+1+2+1 ಅಂದರೆ 18, ಆದ್ದರಿಂದ 9ರಿಂದಲೂ ಭಾಗ ಹೋಗಬೇಕು. 61011ನ್ನು 9ರಿಂದ ಭಾಗಿಸಿದರೆ 6779.

ಇಲ್ಲಿಗೆ ಸುಲಭದ ಕೆಲಸ ಮುಗಿಯಿತು. 6779 ಸುಮ್ನೆ ಬಿಡುವ ಸಂಖ್ಯೆ ಅಲ್ಲ. ಅದು 2, 3, 5ರಿಂದ ಹೋಗುವುದಿಲ್ಲ ಅಂತ ನೋಡಿದ ಕೂಡಲೇ ತಿಳಿಯುತ್ತದೆ. 1001ರ ಉಪಾಯದಿಂದ 7, 11, 13 ಕೂಡ ಇಲ್ಲ ಅಂತಾಯಿತು. ಆಮೇಲೆ 17, 19, 23, 29 ಅಂತ ಒಂದೊಂದೇ ಅವಿಭಾಜ್ಯವನ್ನು ಹಾಕಿ ನೋಡಬೇಕು. 37ರಿಂದ ಭಾಗಿಸಿದರೆ ಶೇಷ 8. 61ರಿಂದ ಭಾಗಿಸಿದರೂ ಶೇಷ 8, ಯಾಕೆಂದರೆ ಸ್ವಲ್ಪ ಹಿಂದಿನ 6771 ಅನ್ನುವುದು 3, 37, 61 ಇವುಗಳ ಗುಣಲಬ್ಧ. 67ರಿಂದ ಶೇಷ 12, 73ರಿಂದ 63, 79ರಿಂದ 64. ಅಲ್ಲಿಗೆ ನಿಲ್ಲಿಸಬಹುದು. ಇಂಥ ಲೆಕ್ಕ ಹೇಳಿಕೊಡುವಾಗ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮಾಷ್ಟ್ರೇ, 83ರಿಂದ ಮುಂದೆ ಯಾಕೆ ನೋಡುವುದು ಬೇಡ?" ಬಹಳ ಒಳ್ಳೆಯ ಪ್ರಶ್ನೆ. 83ರ ವರ್ಗ 6889, ಅದು 6779ಕ್ಕಿಂತ ದೊಡ್ಡದು. 6779ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಲು ಬಂದರೆ ಎರಡೂ 83 ಅಥವಾ ಅದಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ, ಒಂದಾದರೂ ಚಿಕ್ಕದಿರಲೇಬೇಕು, ಆ ಚಿಕ್ಕದು ನಮಗೆ ಆಗಲೇ ಸಿಕ್ಕಿರಬೇಕಿತ್ತು. ಸಿಗಲಿಲ್ಲ. ಆದ್ದರಿಂದ 6779 ಅವಿಭಾಜ್ಯ.

ಅಂದರೆ 671121 = 3 × 3 × 11 × 6779. ಇದನ್ನು ಬೇರೆ ಯಾವ ಅವಿಭಾಜ್ಯಗಳಿಂದಲೂ ಕಟ್ಟಲು ಬರುವುದಿಲ್ಲ. ಇನ್ನು ಮುಂದಿನದ್ದೆಲ್ಲ ಈ ಒಂದು ಸಾಲಿನಿಂದಲೇ ಹೊರಡುತ್ತದೆ.

ಎಷ್ಟು ಸಂಖ್ಯೆಗಳು ಇದನ್ನು ಸರಿಯಾಗಿ ಭಾಗಿಸುತ್ತವೆ? ಹನ್ನೆರಡು: 1, 3, 9, 11, 33, 99, ಮತ್ತೆ ಈ ಆರನ್ನೂ 6779ರಿಂದ ಗುಣಿಸಿದವು. ತನ್ನನ್ನು ಬಿಟ್ಟು ಉಳಿದ ಹನ್ನೊಂದನ್ನು ಕೂಡಿಸಿದರೆ 386559, ಮೂಲ ಸಂಖ್ಯೆಗಿಂತ ಬಹಳ ಕಡಿಮೆ. ಕಂಪ್ಯೂಟರಿನ ಹಾಗೆ 0 ಮತ್ತು 1ರಲ್ಲಿ ಬರೆದರೆ 10100011110110010001. ಒಟ್ಟು ಇಪ್ಪತ್ತು ಸ್ಥಾನ, ಅದರಲ್ಲಿ ಹತ್ತು ಒಂದು, ಹತ್ತು ಸೊನ್ನೆ. ಇದು ನೋಡಲು ಚಂದ, ಆದರೆ ಆಳವಾದ ಕಾರಣ ಏನೂ ಇಲ್ಲ, ಆಕಸ್ಮಿಕ.

ವರ್ಗಗಳ ವಿಷಯ ಹಾಗಲ್ಲ, ಅಲ್ಲಿ ನಿಜವಾದ ಕಾರಣ ಇದೆ. 671121ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುತ್ತದೆಯೇ? ಹುಡುಕುತ್ತಾ ಹೋದರೆ 1ರಿಂದ 819ರವರೆಗೆ ಎಲ್ಲವನ್ನೂ ನೋಡಬೇಕು. ಹುಡುಕದೆಯೇ ಹೇಳಬಹುದು: ಆಗುವುದಿಲ್ಲ. ಯಾವುದೇ ವರ್ಗವನ್ನು 11ರಿಂದ ಭಾಗಿಸಿದರೆ ಉಳಿಯುವ ಶೇಷ 0, 1, 3, 4, 5, 9 ಇವುಗಳಲ್ಲಿ ಒಂದು. ಎರಡು ವರ್ಗಗಳ ಮೊತ್ತ 11ರಿಂದ ಪೂರ್ತಿ ಭಾಗ ಹೋಗಬೇಕಾದರೆ ಎರಡು ಶೇಷಗಳು ಸೇರಿ 11 ಆಗಬೇಕು, ಇಲ್ಲವೇ ಎರಡೂ ಸೊನ್ನೆಯಾಗಿರಬೇಕು. 1ಕ್ಕೆ ಜೊತೆಯಾಗಿ 10 ಬೇಕು, ಪಟ್ಟಿಯಲ್ಲಿ ಇಲ್ಲ. 3ಕ್ಕೆ 8, ಇಲ್ಲ. 4ಕ್ಕೆ 7, 5ಕ್ಕೆ 6, 9ಕ್ಕೆ 2, ಯಾವುದೂ ಇಲ್ಲ. ಹಾಗಾದರೆ ಎರಡೂ ಸಂಖ್ಯೆಗಳು 11ರಿಂದ ಭಾಗ ಹೋಗುವಂಥವೇ ಆಗಿರಬೇಕು, ಆಗ ಅವುಗಳ ವರ್ಗಗಳ ಮೊತ್ತ 121ರಿಂದ ಭಾಗ ಹೋಗಬೇಕು. ಆದರೆ ನಮ್ಮ ಸಂಖ್ಯೆಯಲ್ಲಿ 11 ಇರುವುದು ಒಂದೇ ಸಲ. ಕೊನೆಯಲ್ಲಿ 121 ಅಂತ ಬರೆದಿದ್ದರೂ 121ರಿಂದ ಅದು ಭಾಗ ಹೋಗುವುದಿಲ್ಲ. ಅಲ್ಲಿಗೆ ಮುಗಿಯಿತು. ಪೂರ್ತಿ ಪುರಾವೆ ಇಷ್ಟೇ, ಒಂಬತ್ತನೇ ಕ್ಲಾಸಿನವರಿಗೂ ಅರ್ಥವಾಗುತ್ತದೆ ಅಲ್ವಾ? ಯಾವ ಅವಿಭಾಜ್ಯಗಳು ಎರಡು ವರ್ಗಗಳ ಮೊತ್ತವಾಗುತ್ತವೆ ಅನ್ನುವುದನ್ನು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಮರ್ಸೆನ್ ಎಂಬ ವಿದ್ವಾಂಸರಿಗೆ ಬರೆದ ಪತ್ರದಲ್ಲಿ ಹೇಳಿದ್ದರು. ಅದಕ್ಕೆ ಪುರಾವೆ ಕೊಟ್ಟದ್ದು ಆಯ್ಲರ್ ಎಂಬ ಗಣಿತಜ್ಞ, ನೂರು ವರ್ಷ ಕಳೆದ ಮೇಲೆ.

ಮೂರು ವರ್ಗಗಳಾದರೆ ಸಾಧ್ಯ. ಇಲ್ಲಿ ನೋಡಬೇಕಾದ್ದು 8ರಿಂದ ಭಾಗಿಸಿದಾಗ ಬರುವ ಶೇಷ. ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ ಬರುತ್ತದೆ, ಅವುಗಳಲ್ಲಿ ಮೂರನ್ನು ಹೇಗೆ ಸೇರಿಸಿದರೂ ಶೇಷ 7 ಬರುವುದಿಲ್ಲ. ಹಾಗಾಗಿ 671319ರಂಥ ಸಂಖ್ಯೆಗೆ ಮೂರು ವರ್ಗ ಸಾಲುವುದಿಲ್ಲ, ನಾಲ್ಕು ಬೇಕೇ ಬೇಕು. 671121ಕ್ಕೆ ಶೇಷ 1, ತೊಂದರೆ ಇಲ್ಲ. ಹುಡುಕಿದರೆ ತುಂಬಾ ಹತ್ತಿರದಲ್ಲೇ ಸಿಗುತ್ತದೆ: 819ರ ವರ್ಗ 670761. ಉಳಿದದ್ದು 360. ಅದು 324 ಮತ್ತು 36, ಅಂದರೆ 18ರ ವರ್ಗ ಮತ್ತು 6ರ ವರ್ಗ. ಕಾಸರಗೋಡು ಅಂದರೆ 819, 18, 6, ಈ ಮೂರರ ವರ್ಗಗಳು.

ಈಗ ಮತ್ತೆ 6779ಕ್ಕೆ ಬರೋಣ, ನನಗೆ ಈ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿರುವ ಭಾಗ ಇದೇ. 6779ರಿಂದ 1 ಕಳೆದು ಅರ್ಧ ಮಾಡಿ. 3389. ಅದೂ ಅವಿಭಾಜ್ಯ! ಒಂದು ಅವಿಭಾಜ್ಯವನ್ನು ಇಮ್ಮಡಿ ಮಾಡಿ 1 ಕೂಡಿಸಿದಾಗ ಮತ್ತೊಂದು ಅವಿಭಾಜ್ಯ ಬಂದರೆ, ಮೊದಲನೆಯದನ್ನು ಸೋಫಿ ಜರ್ಮೇನ್ ಅವಿಭಾಜ್ಯ ಎನ್ನುತ್ತಾರೆ. ಸೋಫಿ ಜರ್ಮೇನ್ ಹುಟ್ಟಿದ್ದು 1776ರಲ್ಲಿ, ಪ್ಯಾರಿಸ್‌ನಲ್ಲಿ. ಹೆಂಗಸರಿಗೆ ಅಲ್ಲಿನ ದೊಡ್ಡ ಕಾಲೇಜಿಗೆ ಪ್ರವೇಶ ಇಲ್ಲದ ಕಾಲ. ಲೆಬ್ಲಾಂಕ್ ಅನ್ನುವ ಗಂಡಸಿನ ಹೆಸರಿನಲ್ಲಿ ಜರ್ಮನಿಯ ಗಣಿತಜ್ಞ ಗೌಸ್‌ಗೆ ಪತ್ರ ಬರೆದು ಗಣಿತ ಚರ್ಚೆ ಮಾಡಿದವರು. ಎರಡು ಪೂರ್ಣಸಂಖ್ಯೆಗಳ ಒಂದೇ ಘಾತವನ್ನು ಕೂಡಿಸಿದರೆ, ಆ ಘಾತ 2ಕ್ಕಿಂತ ದೊಡ್ಡದಿದ್ದಾಗ, ಮೂರನೆಯದರ ಅದೇ ಘಾತ ಬರುವುದಿಲ್ಲ (ಸೊನ್ನೆ ಬಿಟ್ಟು) ಅನ್ನುವ ಫರ್ಮಾ ಅವರ ಕೊನೆಯ ಪ್ರಮೇಯದ ವಿಷಯದಲ್ಲಿ, ಒಂದೊಂದೇ ಘಾತವನ್ನು ಹಿಡಿದು ಕೂರದೆ, ಒಂದಿಡೀ ಜಾತಿಯ ಘಾತಗಳಿಗೆ ಒಟ್ಟಿಗೆ ಫಲಿತಾಂಶ ಕೊಟ್ಟವರು ಅವರೇ. ಆ ಜಾತಿಯಲ್ಲಿ 3389 ಕೂಡ ಬರುತ್ತದೆ. ಮೂರು ಪೂರ್ಣಸಂಖ್ಯೆಗಳಲ್ಲಿ ಒಂದೂ 3389ರಿಂದ ಭಾಗ ಹೋಗದಿದ್ದರೆ, ಎರಡರ 3389ನೇ ಘಾತಗಳನ್ನು ಕೂಡಿಸಿದಾಗ ಮೂರನೆಯದರ 3389ನೇ ಘಾತ ಬರಲು ಸಾಧ್ಯವಿಲ್ಲ ಅಂತ ಅವರ ದಾರಿಯಲ್ಲೇ ಹೇಳಬಹುದು. ಪ್ರಮೇಯದ ಪೂರ್ತಿ ಪುರಾವೆ ಪ್ರಕಟವಾಗಲು 1995 ಬರಬೇಕಾಯಿತು.

ಜೋಡಿಯಲ್ಲಿ ದೊಡ್ಡದಕ್ಕೆ, ಅಂದರೆ ಇಲ್ಲಿ 6779ಕ್ಕೆ, ಸುರಕ್ಷಿತ ಅವಿಭಾಜ್ಯ ಅಂತ ಹೆಸರು. ಇಂಟರ್ನೆಟ್ಟಿನಲ್ಲಿ ಇಬ್ಬರು ಗುಟ್ಟಿನ ಕೀಲಿಯನ್ನು ಹೊಂದಿಸಿಕೊಳ್ಳುವ ಒಂದು ವಿಧಾನ 1976ರಲ್ಲಿ ಪ್ರಕಟವಾಯಿತು, ಡಿಫಿ ಮತ್ತು ಹೆಲ್‌ಮನ್ ಅವರದ್ದು. ಅದರಲ್ಲಿ ಇಂಥ ಅವಿಭಾಜ್ಯಗಳನ್ನು ಬಳಸುತ್ತಾರೆ, ಆದರೆ ಅಲ್ಲಿ ಆರುನೂರಕ್ಕೂ ಹೆಚ್ಚು ಅಂಕೆಗಳಿರುವ ಸಂಖ್ಯೆ ಬೇಕು. ನಮ್ಮದು ನಾಲ್ಕೇ ಅಂಕೆಯದ್ದು, ಗುಣ ಮಾತ್ರ ಅದೇ. 6779ನ್ನು ಮತ್ತೆ ಇಮ್ಮಡಿ ಮಾಡಿ 1 ಕೂಡಿಸಿದರೆ 13559, ಅದು 7ರಿಂದ ಭಾಗ ಹೋಗುತ್ತದೆ, ಹಾಗಾಗಿ ಸರಪಳಿ ಅಲ್ಲಿಗೆ ತುಂಡಾಯಿತು.

ಇದರಿಂದ ಸಿಗುವ ಲಾಭ ಏನು ಅಂತ ತಿಳಿಯಲು 1ನ್ನು 6779ರಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಬೇಕು. ಮೊದಲು ಚಿಕ್ಕದರಲ್ಲಿ ನೋಡೋಣ, 1ನ್ನು 7ರಿಂದ ಭಾಗಿಸೋಣ. 0.142857142857... ಅಂತ ಆರು ಅಂಕೆ ತಿರುಗಿ ತಿರುಗಿ ಬರುತ್ತವೆ. ಯಾಕೆ ಆರು? ಉದ್ದ ಭಾಗಾಕಾರ ಮಾಡುವಾಗ ಪ್ರತಿ ಹಂತದಲ್ಲಿ ಒಂದು ಶೇಷ ಉಳಿಯುತ್ತದೆ, ಅದಕ್ಕೆ ಸೊನ್ನೆ ಸೇರಿಸಿ ಮುಂದುವರಿಸುತ್ತೇವೆ. 7ರಲ್ಲಿ ಬರಬಹುದಾದ ಶೇಷ 1ರಿಂದ 6ರವರೆಗೆ. ಹಳೆಯ ಶೇಷ ಮತ್ತೆ ಬಂದ ಕೂಡಲೇ ಅಂಕೆಗಳೂ ಮೊದಲಿನಿಂದ ಶುರು. 7ಕ್ಕೆ ಶೇಷಗಳು 1, 3, 2, 6, 4, 5 ಅಂತ ಬರುತ್ತವೆ, ಆರೂ ಮುಗಿಯುವವರೆಗೆ ಒಂದೂ ಎರಡನೇ ಸಲ ಬರುವುದಿಲ್ಲ. ಎಲ್ಲ ಅವಿಭಾಜ್ಯಕ್ಕೂ ಹೀಗಾಗುವುದಿಲ್ಲ. 11ಕ್ಕೆ ಎರಡೇ ಅಂಕೆ ತಿರುಗುತ್ತವೆ, 0.090909... ಅಂತ. 13ಕ್ಕೆ ಆರು, ಹನ್ನೆರಡಲ್ಲ.

6779ಕ್ಕೆ ಎಷ್ಟು? ಜಾಸ್ತಿ ಅಂದರೆ 6778 ಇರಬಹುದು. ಕೈಯಲ್ಲಿ ಭಾಗಿಸುತ್ತಾ ಹೋದರೆ 0.00014751438... ಅಂತ ಬರುತ್ತದೆ, ಇನ್ನೂ ಸಾವಿರಾರು ಅಂಕೆ ಬಾಕಿ. ಭಾಗಿಸಬೇಕಾಗಿಲ್ಲ. ಅವಿಭಾಜ್ಯದಲ್ಲಿ ತಿರುಗುವ ಅಂಕೆಗಳ ಉದ್ದ ಯಾವಾಗಲೂ ಅದಕ್ಕಿಂತ 1 ಕಡಿಮೆಯ ಸಂಖ್ಯೆಯನ್ನು ಸರಿಯಾಗಿ ಭಾಗಿಸುತ್ತದೆ ಅಂತ ಒಂದು ನಿಯಮ ಇದೆ. ಇಲ್ಲಿ ಆ ಸಂಖ್ಯೆ 6778, ಅಂದರೆ 2 × 3389. 3389 ಅವಿಭಾಜ್ಯ ಆಗಿರುವುದರಿಂದ ಉದ್ದ 1, 2, 3389, 6778 ಇವುಗಳಲ್ಲಿ ಒಂದೇ ಆಗಿರಬೇಕು, ಬೇರೆ ದಾರಿ ಇಲ್ಲ. ಉದ್ದ 1 ಆಗಲು 6779 ಎಂಬುದು 9ನ್ನು ಭಾಗಿಸಬೇಕು, 2 ಆಗಲು 99ನ್ನು ಭಾಗಿಸಬೇಕು. ಎರಡೂ ಆಗದ ಮಾತು. ಉಳಿದದ್ದು 3389 ಅಥವಾ 6778.

ಈ ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಲು ಒಂದೇ ಪ್ರಶ್ನೆ ಕೇಳಿದರೆ ಸಾಕು: 6779ರಿಂದ ಭಾಗಿಸಿದಾಗ ಶೇಷ 10 ಬರುವ ಯಾವುದಾದರೂ ವರ್ಗ ಇದೆಯೇ? ಇದ್ದರೆ ಉದ್ದ 3389, ಇಲ್ಲದಿದ್ದರೆ 6778. ಇಂಥ ಪ್ರಶ್ನೆಗೆ ಉತ್ತರಿಸುವ ಸೂತ್ರಗಳಿಗೆ ಗೌಸ್ ಪುರಾವೆ ಕೊಟ್ಟದ್ದು 1801ರ ತಮ್ಮ ಪುಸ್ತಕದಲ್ಲಿ, ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. 10ನ್ನು 2 ಮತ್ತು 5 ಅಂತ ಬಿಡಿಸಿಕೊಳ್ಳಬೇಕು. ಅವಿಭಾಜ್ಯವನ್ನು 8ರಿಂದ ಭಾಗಿಸಿದಾಗ ಶೇಷ 3 ಅಥವಾ 5 ಬಂದರೆ, ಶೇಷ 2 ಬಿಡುವ ವರ್ಗ ಸಿಗುವುದಿಲ್ಲ. 6779ಕ್ಕೆ ಶೇಷ 3, ಆದ್ದರಿಂದ 2ಕ್ಕೆ ಇಲ್ಲ. ಅವಿಭಾಜ್ಯವನ್ನು 5ರಿಂದ ಭಾಗಿಸಿದಾಗ ಶೇಷ 1 ಅಥವಾ 4 ಬಂದರೆ 5ಕ್ಕೆ ಸಿಗುತ್ತದೆ. 6779ಕ್ಕೆ ಶೇಷ 4, ಆದ್ದರಿಂದ 5ಕ್ಕೆ ಹೌದು. ಒಂದು ಹೌದು, ಒಂದು ಇಲ್ಲ ಸೇರಿದರೆ 10ಕ್ಕೆ ಉತ್ತರ "ಇಲ್ಲ" ಅಂತಾಗುತ್ತದೆ. ಹಾಗಾಗಿ ಉದ್ದ ಪೂರ್ತಿ 6778. 1ರಿಂದ 6778ರವರೆಗಿನ ಪ್ರತಿಯೊಂದು ಶೇಷವೂ ಒಂದೊಂದು ಸಲ ಬಂದು ಹೋದ ಮೇಲೆಯೇ ಅಂಕೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. 7ಕ್ಕಿರುವ ಗುಣವೇ ಇದಕ್ಕೂ ಇದೆ. 142857ನ್ನು 2, 3, 4, 5, 6ರಿಂದ ಗುಣಿಸಿದರೆ ಅವೇ ಅಂಕೆಗಳು ಅದೇ ಕ್ರಮದಲ್ಲಿ ಬೇರೆ ಜಾಗದಿಂದ ಶುರುವಾಗಿ ಬರುತ್ತವೆ ಅಂತ ಅನೇಕರಿಗೆ ಗೊತ್ತಿದೆ. 6779ರ 6778 ಅಂಕೆಗಳ ಸಾಲೂ ಹಾಗೆಯೇ, 2ರಿಂದ 6778ರವರೆಗೆ ಯಾವುದರಿಂದ ಗುಣಿಸಿದರೂ.

ಇಂಥ ಅವಿಭಾಜ್ಯಗಳು ಎಷ್ಟಿವೆ ಅನ್ನುವುದಕ್ಕೆ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಆರ್ಟಿನ್ ಎಂಬ ಗಣಿತಜ್ಞರು 1927ರಲ್ಲಿ ಊಹಿಸಿದ ರೀತಿಯಲ್ಲಿ ನೋಡಿದರೆ ನೂರು ಅವಿಭಾಜ್ಯಗಳಲ್ಲಿ ಸುಮಾರು 37 ಹೀಗಿರಬೇಕು. ಲೆಕ್ಕ ಹಾಕಿ ನೋಡಿದಲ್ಲೆಲ್ಲ ಹೊಂದುತ್ತದೆ. ಆದರೆ ಅವು ಕೊನೆಯಿಲ್ಲದಷ್ಟು ಇವೆ ಅನ್ನುವುದಕ್ಕೂ ಪುರಾವೆ ಸಿಕ್ಕಿಲ್ಲ.

ಇನ್ನು ನಾನು ಮೊದಲು ಹೇಳಿದ ದೂರದ ಸಂಗತಿ. 1ನ್ನು 6779ರಿಂದ ಭಾಗಿಸಿದಾಗ ದಶಮಾಂಶದ 3390ನೇ ಅಂಕೆ ಯಾವುದು? 9. ಆ 9ರಿಂದಲೇ ಶುರುವಾಗಿ ಕ್ರಮವಾಗಿ 99985248561 ಅಂತ ಬರುತ್ತದೆ. ಇದನ್ನು ಹೇಳಲು ನಾನು 3390 ಹಂತ ಭಾಗಾಕಾರ ಮಾಡಿಲ್ಲ. ಸರಿ ಅರ್ಧ ದಾರಿಯಲ್ಲಿ, 3389 ಅಂಕೆ ಆದ ಮೇಲೆ, ಉಳಿದ ಶೇಷವನ್ನು ಗಮನಿಸಿ. ಇನ್ನೂ ಅಷ್ಟೇ ದೂರ ಹೋದರೆ ಶೇಷ ಮತ್ತೆ 1 ಆಗಬೇಕು. ಅಂದರೆ ಆ ಅರ್ಧದ ಶೇಷದ ವರ್ಗವನ್ನು 6779ರಿಂದ ಭಾಗಿಸಿದರೆ 1 ಉಳಿಯಬೇಕು. 6779 ಅವಿಭಾಜ್ಯ ಆಗಿರುವುದರಿಂದ ಹಾಗೆ ಆಗಲು ಆ ಶೇಷ 1 ಆಗಿರಬೇಕು, ಇಲ್ಲವೇ 6778. 1 ಆಗಿದ್ದರೆ ಸುತ್ತು ಅಲ್ಲೇ ಮುಗಿಯುತ್ತಿತ್ತು, ಮುಗಿಯಲಿಲ್ಲ ಅಂತ ಈಗಷ್ಟೇ ನೋಡಿದೆವು. ಆದ್ದರಿಂದ ಅದು 6778. ಅಲ್ಲಿಂದ ಮುಂದೆ ನಾವು ಮಾಡುತ್ತಿರುವುದು 6778ನ್ನು 6779ರಿಂದ ಭಾಗಿಸುವ ಕೆಲಸ. ಅದು 1ರಲ್ಲಿ 6779ನೇ ಒಂದು ಭಾಗ ಕಳೆದಷ್ಟು. 1ನ್ನು 0.99999... ಅಂತ ಬರೆದುಕೊಂಡು ಅದರಿಂದ 0.00014751438... ಕಳೆಯಿರಿ. ಪ್ರತಿ ಅಂಕೆಯನ್ನೂ 9ರಿಂದ ಕಳೆದರಾಯಿತು, ಮೇಲೆ ಬರೆದ ಅಂಕೆಗಳು ಬಂದೇ ಬರುತ್ತವೆ. ಮೊದಲ ಅರ್ಧದ 3389 ಅಂಕೆಗಳ ಕೆಳಗೆ ಎರಡನೇ ಅರ್ಧವನ್ನು ಬರೆದು ಕೂಡಿಸಿದರೆ ಉದ್ದಕ್ಕೂ ಬರೀ 9. ಚಿಕ್ಕದರಲ್ಲಿ ನೋಡಬೇಕಿದ್ದರೆ 142 ಮತ್ತು 857 ಕೂಡಿಸಿ, 999.

ಪೂರ್ತಿ ಪಿನ್ ಕೋಡಿಗೆ, ಅಂದರೆ 1ನ್ನು 671121ರಿಂದ ಭಾಗಿಸಿದರೆ, ತಿರುಗುವ ಉದ್ದ ಅದೇ 6778. 9ಕ್ಕೆ ಒಂದೇ ಅಂಕೆ ತಿರುಗುತ್ತದೆ, 11ಕ್ಕೆ ಎರಡು, 6779ಕ್ಕೆ 6778. ಈ ಮೂರಕ್ಕೂ ಸರಿಹೊಂದುವ ಅತಿ ಚಿಕ್ಕ ಉದ್ದ 6778. ಆದರೆ 9ರ ಜೋಡಿಯಾಗುವ ಗುಣ ಇಲ್ಲಿ ಉಳಿಯುವುದಿಲ್ಲ. ಅದು ಉಳಿಯಬೇಕಿದ್ದರೆ ಅರ್ಧ ದಾರಿಯಲ್ಲಿ ಶೇಷ 671120 ಆಗಬೇಕಿತ್ತು. ನಾವು 1ರಿಂದ ಶುರು ಮಾಡಿ ಪ್ರತಿ ಸಲ 10ರಿಂದ ಗುಣಿಸುತ್ತೇವೆ, ಆಮೇಲೆ 671121ರ ಮಡಿಗಳನ್ನು ಕಳೆಯುತ್ತೇವೆ. 671121 ತಾನೇ 9ರ ಮಡಿ ಆಗಿರುವುದರಿಂದ ಎಷ್ಟು ದೂರ ಹೋದರೂ ಶೇಷವನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ, 671120ನ್ನು 9ರಿಂದ ಭಾಗಿಸಿದರೆ ಉಳಿಯುವುದು 8. ಹಾಗಾಗಿ 6778 ಹಂತಗಳಲ್ಲಿ ಒಂದರಲ್ಲೂ 671120 ಶೇಷವಾಗಿ ಬರುವುದಿಲ್ಲ.